ಚೌಕಟ್ಟಿನ ವಿವೇಕ: ವನ್ಯಜೀವಿ ಮತ್ತು ನಿಸರ್ಗದ ಛಾಯಾಚಿತ್ರಗಳಲ್ಲಿ ಸಂಯೋಜನೆ ಹಾಗೂ ಕತ್ತರಿಕೆ

ಛಾಯಾಚಿತ್ರವನ್ನು ತೆಗೆದ ಮೇಲೆ ಅದರ ಅಂಚುಗಳನ್ನು ಕತ್ತರಿಸಿ ಸರಿಪಡಿಸುವ ಕ್ರಿಯೆಗೆ ಹವ್ಯಾಸಿಗಳ ವಲಯದಲ್ಲಿ ಅಷ್ಟಾಗಿ ಗೌರವವಿಲ್ಲ. ತೆಗೆಯುವಾಗ ಆದ ತಪ್ಪನ್ನು ಮುಚ್ಚಿಕೊಳ್ಳುವ ಉಪಾಯವೆಂದು ಕೆಲವರೂ, ಕಲೆಗಾರನ ಕಣ್ಣಿನ ದೌರ್ಬಲ್ಯವನ್ನು ಸಾರುವ ಕುರುಹೆಂದು ಮತ್ತೆ ಕೆಲವರೂ ಅದನ್ನು ಹಳಿಯುವುದುಂಟು. ಆದರೆ ವಿಚಾರ ಮಾಡಿ ನೋಡಿದರೆ ಕತ್ತರಿಸದ ಛಾಯಾಚಿತ್ರವೆಂಬುದು ಲೋಕದಲ್ಲಿಯೇ ಇಲ್ಲ. ಎದುರಿಗೆ ಹಬ್ಬಿಕೊಂಡಿರುವ ಅಖಂಡವಾದ ದೃಶ್ಯದಿಂದ ಒಂದು ಆಯತವನ್ನು ಬಿಡಿಸಿಕೊಂಡು ಉಳಿದುದನ್ನೆಲ್ಲ ಹೊರಗಿಡುವುದೇ ಕ್ಯಾಮರಾದ ಮೊದಲ ಕೆಲಸ. ಗುಂಡಿಯನ್ನು ಒತ್ತುವಾಗ ನಡೆಯುವುದು ಮೊದಲನೆಯ ಕತ್ತರಿಕೆ. ಮನೆಗೆ ಬಂದ ಮೇಲೆ ನಿಧಾನವಾಗಿ ಕುಳಿತು ಮಾಡುವುದು ಎರಡನೆಯದು. ಚಿತ್ರದೊಳಗೆ ಏನಿರಬೇಕು, ಇರುವುದು ಎಲ್ಲಿರಬೇಕು ಎಂಬ ನಿರ್ಣಯಕ್ಕೆ ಸಂಯೋಜನೆಯೆಂದು ಹೆಸರು. ಆ ನಿರ್ಣಯವನ್ನು ಮತ್ತೊಮ್ಮೆ ಪರಿಶೀಲಿಸುವ ಅವಕಾಶವೇ ಕತ್ತರಿಕೆ. ಕವಿಯು ತನ್ನ ಪದ್ಯವನ್ನು ತಿದ್ದಿದರೆ ಯಾರೂ ಆಕ್ಷೇಪಿಸುವುದಿಲ್ಲ. ಛಾಯಾಗ್ರಾಹಕನಿಗೆ ಮಾತ್ರ ಆ ಹಕ್ಕು ಇಲ್ಲವೆನ್ನುವುದು ವಿಚಿತ್ರವಾದ ನ್ಯಾಯ.

ಈ ವಾದದಲ್ಲಿ ಎದುರುಪಕ್ಷದವರು ಸಾಮಾನ್ಯವಾಗಿ ಮುಂದಿಡುವ ಹೆಸರು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋನರದು. ತೆಗೆದ ಚಿತ್ರವನ್ನು ಮುಟ್ಟಬಾರದೆಂಬುದು ಅವರ ಪ್ರಸಿದ್ಧವಾದ ನಿಯಮ. ಸ್ವಾರಸ್ಯವಾದ ಸಂಗತಿಯೆಂದರೆ, ಅವರ ಕೃತಿಗಳಲ್ಲಿ ಬಹುಶಃ ಅತ್ಯಂತ ಹೆಸರಾದ, ಪ್ಯಾರಿಸಿನ ಸೇನ್ ಲಜಾರ್ ರೈಲುನಿಲ್ದಾಣದ ಹಿಂದೆ ನೀರಿನ ಮೇಲೆ ಜಿಗಿಯುತ್ತಿರುವ ಮನುಷ್ಯನ 1932ರ ಚಿತ್ರವು ಕತ್ತರಿಸಿದ ಚಿತ್ರ. ಬೇಲಿಯ ಸಂದಿಯಲ್ಲಿ ಮಸೂರವನ್ನಿಟ್ಟು ತೆಗೆದುದರಿಂದ ಒಂದು ಪಕ್ಕದಲ್ಲಿ ಹಲಗೆ ಅಡ್ಡಬಂದಿತ್ತು. ಅದನ್ನು ತೆಗೆದುಹಾಕದೆ ಗತ್ಯಂತರವಿರಲಿಲ್ಲ. ಇನ್ನೊಂದು ತುದಿಯಲ್ಲಿ ಅಮೆರಿಕದ ಆರ್ನಲ್ಡ್ ನ್ಯೂಮನ್ ಇದ್ದಾರೆ. ಅವರು 1946ರಲ್ಲಿ ತೆಗೆದ ಸಂಗೀತಕಾರ ಸ್ಟ್ರಾವಿನ್ಸ್ಕಿಯ ಭಾವಚಿತ್ರದಲ್ಲಿ ಪಿಯಾನೋದ ಕಪ್ಪು ಮುಚ್ಚಳವು ಚಿತ್ರದ ಬಹುಭಾಗವನ್ನು ಆಕ್ರಮಿಸಿ, ಸಂಗೀತಕಾರನ ತಲೆ ಒಂದು ಮೂಲೆಯಲ್ಲಿ ಉಳಿದಿದೆ. ಆ ಧೀರವಾದ ರೂಪ ದೊರೆತದ್ದು ಮೂಲ ನೆಗೆಟಿವ್ ಅನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ ಮೇಲೆಯೇ.

ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಭಾವಚಿತ್ರ ತೆಗೆಯುವವನು ಎದುರಿಗಿರುವವರನ್ನು ಸ್ವಲ್ಪ ಸರಿದು ನಿಲ್ಲುವಂತೆ ಕೇಳಬಹುದು. ಹುಲಿಯನ್ನು ಹಾಗೆ ಕೇಳುವಂತಿಲ್ಲ. ದೂರವೆಷ್ಟು, ಬೆಳಕು ಯಾವ ಕಡೆಯದು, ಹಿನ್ನೆಲೆ ಯಾವುದು, ಎಷ್ಟು ಕ್ಷಣಗಳ ಅವಕಾಶ ಎಂಬುದನ್ನೆಲ್ಲ ನಿರ್ಧರಿಸುವುದು ಪ್ರಾಣಿಯೇ. ಈ ಮಾತಿಗೆ ಅತ್ಯುತ್ತಮವಾದ ಉದಾಹರಣೆ ದೆಹಲಿಗೆ ಉತ್ತರದ ಶಿವಾಲಿಕ ತಪ್ಪಲಿನ ಕಾಡುಗಳಲ್ಲಿಯೇ ಸಿಕ್ಕುತ್ತದೆ. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ನರು ಕಾಡಿನ ದಾರಿಗೆ ಅಡ್ಡವಾಗಿ ಸಣ್ಣ ತಂತಿಯನ್ನು ಕಟ್ಟಿ, ಅದನ್ನು ಕ್ಯಾಮರಾಕ್ಕೂ ಬೆಳಕಿನ ಸಾಧನಕ್ಕೂ ಜೋಡಿಸಿ ಬರುತ್ತಿದ್ದರು. ರಾತ್ರಿ ಅತ್ತ ಸುಳಿದ ಹುಲಿ ತಂತಿಯನ್ನು ತುಳಿದು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. 1927ರಲ್ಲಿ ಪ್ರಕಟವಾದ ‘ವಿತ್ ಎ ಕ್ಯಾಮರಾ ಇನ್ ಟೈಗರ್-ಲ್ಯಾಂಡ್’ ಎಂಬ ಅವರ ಗ್ರಂಥ ಈ ಸಾಹಸದ ಫಲ. ಗುಂಡಿಯನ್ನು ಒತ್ತುವ ಕ್ಷಣದಲ್ಲಿ ಛಾಯಾಗ್ರಾಹಕನೇ ಅಲ್ಲಿಲ್ಲದಿದ್ದಾಗ ಸಂಯೋಜನೆ ಮಾಡುವವರು ಯಾರು? ಅರ್ಧ ಭಾಗವನ್ನು ಮುಂಚಿತವಾಗಿ ಸ್ಥಳವನ್ನು ಆರಿಸುವ ವಿವೇಕವೂ, ಇನ್ನರ್ಧವನ್ನು ಅನಂತರದ ಕತ್ತರಿಯೂ ಮಾಡಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ಕಲೆಗೆ ಒಂದು ಗಟ್ಟಿಯಾದ ಪರಂಪರೆಯೇ ಉಂಟು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್, ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ. ಎನ್. ಎ. ಪೆರುಮಾಳ್ (1932–2017), ಇ. ಹನುಮಂತರಾವ್ (1930–2000), ಸಂಡೂರಿನ ರಾಜಮನೆತನದವರೂ ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆ (1931–2011) ಮೊದಲಾದವರು ಕಪ್ಪುಬಿಳುಪಿನ ಯುಗದಲ್ಲಿ ಕೈಪಳಗಿಸಿಕೊಂಡವರು. ಘೋರ್ಪಡೆಯವರ 1983ರ ಗ್ರಂಥಕ್ಕೆ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂದು ಹೆಸರಿರುವುದೇ ಆ ಪೀಳಿಗೆಯ ಶ್ರದ್ಧೆ ಎಲ್ಲಿತ್ತೆಂಬುದನ್ನು ಹೇಳುತ್ತದೆ. ಆಗ ಕತ್ತರಿಕೆ ಕತ್ತಲೆಕೋಣೆಯ ನಿತ್ಯಕರ್ಮವಾಗಿತ್ತು. ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಚೌಕಟ್ಟು 24 ಮಿ.ಮೀ. ಅಗಲ, 36 ಮಿ.ಮೀ. ಉದ್ದ, ಅಂದರೆ ಎರಡಕ್ಕೆ ಮೂರರ ಪ್ರಮಾಣ. ಪ್ರದರ್ಶನಕ್ಕೆ ಬಳಸುತ್ತಿದ್ದ 8×10 ಅಥವಾ 12×15 ಅಂಗುಲದ ಕಾಗದವಾದರೋ ನಾಲ್ಕಕ್ಕೆ ಐದರ ಪ್ರಮಾಣದ್ದು. ಕಾಗದವನ್ನು ಪೂರ್ತಿ ತುಂಬಬೇಕಾದರೆ 36 ಮಿ.ಮೀ. ಉದ್ದದಲ್ಲಿ 30 ಮಿ.ಮೀ. ಮಾತ್ರ ಉಳಿಯುತ್ತದೆ. ಹೀಗೆ ಯಾವ ಕಲಾವಿಚಾರವೂ ಹುಟ್ಟುವ ಮೊದಲೇ ಚಿತ್ರದ ಆರನೆಯ ಒಂದು ಭಾಗ ಹೋಗಬೇಕಾಗಿತ್ತು. ಯಾವ ತುದಿಯಿಂದ ಹೋಗಬೇಕೆಂಬುದಷ್ಟೇ ಪ್ರಶ್ನೆ. ಆರು ಸೆಂಟಿಮೀಟರಿನ ಚೌಕ ಫಿಲ್ಮಿನವರಂತೂ ಚೌಕವನ್ನು ಆಯತ ಮಾಡುವುದನ್ನು ಲೆಕ್ಕದಲ್ಲಿಟ್ಟುಕೊಂಡೇ ಚಿತ್ರ ತೆಗೆಯುತ್ತಿದ್ದರು.

ಆ ಕಾಲದ ಒಂದು ಸರಳವಾದ ಉಪಕರಣ ಇಂದಿಗೂ ಉಪಯುಕ್ತ. ಕಪ್ಪು ರಟ್ಟಿನಲ್ಲಿ ಬಡಗಿಯ ಮೂಲೆಮಟ್ಟದ ಆಕಾರದ ಎರಡು ತುಂಡುಗಳನ್ನು ಕತ್ತರಿಸಿಕೊಂಡು, ಒಂದರ ಮೇಲೊಂದನ್ನು ತಿರುಗುಮುರುಗಾಗಿ ಮುದ್ರಿತ ಚಿತ್ರದ ಮೇಲಿಟ್ಟು ಸರಿಸುತ್ತ ಹೋದರೆ ಬೇಕಾದ ಅಳತೆಯ ಚೌಕಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಗಣಕಯಂತ್ರದ ತೆರೆಯ ಮೇಲೂ ದೂರವಾಣಿಯ ತೆರೆಯ ಮೇಲೂ ಇದೇ ಕೆಲಸ ಬೆರಳ ತುದಿಯಲ್ಲಿ ನಡೆಯುವುದು ನಿಜ. ಆದರೆ ಅಲ್ಲಿ ಅವಸರ ಹೆಚ್ಚು. ರಟ್ಟಿನ ತುಂಡುಗಳು ಕಣ್ಣನ್ನು ನಿಧಾನಿಸುತ್ತವೆ.

ಇನ್ನು ಪ್ರಯೋಗದ ಮಾತು. ದೆಹಲಿಯ ವಾಯವ್ಯದಲ್ಲಿರುವ ಪೀತಮ್‌ಪುರದಂಥ ಬಡಾವಣೆಯಲ್ಲಿ ವಾಸಿಸುವ ಕನ್ನಡಿಗನಿಗೆ ಬಂಡೀಪುರವು ದೂರವಾದರೂ ಅಭ್ಯಾಸಕ್ಕೆ ವಸ್ತುವಿನ ಅಭಾವವಿಲ್ಲ. 1988ರಲ್ಲಿ ನಿರ್ಮಾಣವಾದ 235 ಮೀಟರ್ ಎತ್ತರದ ದೂರದರ್ಶನ ಗೋಪುರದ ಸುತ್ತ ಕರಿಹದ್ದುಗಳು ಮಧ್ಯಾಹ್ನವೆಲ್ಲ ಸುತ್ತುತ್ತಿರುತ್ತವೆ. ಜಗತ್ತಿನಲ್ಲಿ ಬೇಟೆಹಕ್ಕಿಗಳು ಇಷ್ಟು ದಟ್ಟವಾಗಿ ನೆಲೆಸಿರುವ ನಗರಗಳು ವಿರಳ. ಮಾಳಿಗೆಯಿಂದ ತೆಗೆದ ಇಂಥ ಒಂದು ಚಿತ್ರವನ್ನು ಪರೀಕ್ಷಿಸೋಣ. ಹದ್ದು ಚೌಕಟ್ಟಿನ ನಟ್ಟನಡುವೆ ಸಣ್ಣದಾಗಿದೆ, ಕೆಳಗಿನ ಮೂಲೆಯಲ್ಲಿ ನೀರಿನ ತೊಟ್ಟಿಯ ಅಂಚು ಇಣುಕುತ್ತಿದೆ, ಗೋಪುರವು ಬಲಕ್ಕೆ ಅರ್ಧ ಸೀಳಿಹೋಗಿದೆ. ಮೊದಲು ಹೋಗಬೇಕಾದುದು ತೊಟ್ಟಿ. ಅಂಚಿನಲ್ಲಿರುವ ಅರೆಬರೆ ವಸ್ತುವು, ಅದರಲ್ಲೂ ಬೆಳ್ಳಗೆ ಹೊಳೆಯುವ ವಸ್ತುವು, ನೋಡುವವನ ಕಣ್ಣನ್ನು ಚಿತ್ರದಿಂದ ಹೊರಗೆ ಎಳೆದೊಯ್ಯುತ್ತದೆ. ಗೋಪುರದ ವಿಷಯದಲ್ಲಿ ನಿರ್ಧಾರ ಬೇಕು: ಪೂರ್ತಿ ತೆಗೆದರೆ ಹದ್ದಿನ ಚಿತ್ರವಾಗುತ್ತದೆ, ಪೂರ್ತಿ ಉಳಿಸಿದರೆ ದೆಹಲಿಯ ಹದ್ದಿನ ಚಿತ್ರವಾಗುತ್ತದೆ. ಅರ್ಧ ಉಳಿಸಿದರೆ ಎರಡೂ ಆಗುವುದಿಲ್ಲ. ಹದ್ದನ್ನು ಹತ್ತಿರಕ್ಕೆ ತರುವ ಉತ್ಸಾಹದಲ್ಲಿ ಬಾಲವನ್ನು ತುಂಡರಿಸಿದರೆ ನಷ್ಟ ಎರಡು ಬಗೆಯದು. ಹಾರಾಟದ ರೇಖೆ ಅಲ್ಲಿಗೆ ಮುರಿಯುತ್ತದೆ. ಜೊತೆಗೆ, ತುಸು ಕವಲೊಡೆದ ಬಾಲವೇ ಕರಿಹದ್ದನ್ನು ದುಂಡುಬಾಲದ ಗರುಡನಿಂದ ಬೇರ್ಪಡಿಸುವ ಗುರುತಾದುದರಿಂದ ಹಕ್ಕಿಯ ಹೆಸರೇ ಅಳಿಸಿಹೋಗುತ್ತದೆ.

ಹಾರುವ, ಓಡುವ, ನೋಡುವ ಪ್ರಾಣಿಗೆ ಅದರ ಮುಂದಣ ದಿಕ್ಕಿನಲ್ಲಿ ಹೆಚ್ಚು ಜಾಗ ಬಿಡಬೇಕೆಂಬುದು ಎಲ್ಲರೂ ಬಲ್ಲ ನಿಯಮ. ಮೂತಿಯು ಅಂಚಿಗೆ ತಾಗಿದರೆ ಪ್ರಾಣಿ ಗೋಡೆಗೆ ಢಿಕ್ಕಿ ಹೊಡೆಯುವಂತೆ ತೋರುತ್ತದೆ. ಆದರೆ ಇದನ್ನು ಕಣ್ಣುಮುಚ್ಚಿ ಪಾಲಿಸುವುದು ತರವಲ್ಲ. ಕಬಿನಿಯ ಬಯಲಿನಲ್ಲಿ ಆನೆಯ ಹಿಂಡು ಧೂಳೆಬ್ಬಿಸಿ ಹೊರಟಿರುವಾಗ ಚಿತ್ರದ ಜೀವವಿರುವುದು ಹಿಂದೆ ಉಳಿದ ಧೂಳಿನಲ್ಲಿ. ಅಲ್ಲಿ ಹಿಂಭಾಗದ ಜಾಗವೇ ಬೆಲೆಯುಳ್ಳದ್ದು. ಅಂಗಗಳ ವಿಷಯದಲ್ಲಿಯೂ ಹೀಗೆಯೇ. ಗೊರಸು, ಮೊಣಕಾಲು, ಕೊಂಬಿನ ತುದಿ, ರೆಕ್ಕೆಯ ತುದಿ ಮುಂತಾದ ಕೀಲುಗಳಲ್ಲಿಯೂ ಕೊನೆಗಳಲ್ಲಿಯೂ ಕತ್ತರಿ ಆಡಿದರೆ ಅಂಗಹೀನತೆಯ ಭಾವ ಹುಟ್ಟುತ್ತದೆ. ಕತ್ತರಿಸಲೇಬೇಕಾದರೆ ಧೈರ್ಯವಾಗಿ ಒಳಗೆ ಬಂದು ಮುಖವನ್ನಷ್ಟೇ ಉಳಿಸಬೇಕು. ಚೂರು ಕತ್ತರಿಸಿದ್ದು ಅಜಾಗರೂಕತೆಯಂತೆ ಕಾಣುತ್ತದೆ. ಬಹಳ ಕತ್ತರಿಸಿದ್ದು ಉದ್ದೇಶದಂತೆ ಕಾಣುತ್ತದೆ.

ಚಳಿಗಾಲದಲ್ಲಿ ಯಮುನೆಯ ಘಾಟುಗಳಿಗೆ ಉತ್ತರದಿಂದ ವಲಸೆ ಬರುವ ಗಲ್ ಎಂಬ ಕಡಲ ಹಕ್ಕಿಗಳನ್ನು ದೆಹಲಿಯಲ್ಲಿ ಚಿತ್ರಿಸದವರಿಲ್ಲ. ದೋಣಿ, ಮಂಜು, ನೂರಾರು ಬಿಳಿಯ ರೆಕ್ಕೆಗಳು. ಇಂಥಲ್ಲಿ ಹೆಚ್ಚಿನ ಚಿತ್ರಗಳು ಸೋಲುವುದು ಸಮೃದ್ಧಿಯಿಂದಲೇ. ಚೌಕಟ್ಟಿನ ನಾಲ್ಕು ಅಂಚುಗಳಲ್ಲಿಯೂ ತುಂಡಾದ ಹಕ್ಕಿಗಳಿರುತ್ತವೆ, ಕಣ್ಣು ನಿಲ್ಲಲು ಎಡೆಯಿಲ್ಲ. ಇದಕ್ಕೆ ಕತ್ತರಿಕೆಯೊಂದೇ ಮದ್ದು: ಅಂಬಿಗನೂ ಅವನ ತಲೆಯ ಸುತ್ತ ಬಿಡಿಬಿಡಿಯಾಗಿ ಕಾಣುವ ಐದಾರು ಹಕ್ಕಿಗಳೂ ಉಳಿಯುವಂತೆ ಒಂದು ತುಂಡನ್ನು ಹುಡುಕಿದರೆ ಮಿಕ್ಕ ನೂರು ಹಕ್ಕಿಗಳನ್ನು ನೋಡುವವನ ಕಲ್ಪನೆ ಪೂರೈಸಿಕೊಳ್ಳುತ್ತದೆ. ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ಹೆಚ್ಚು ಅರ್ಥ ಕೊಡುತ್ತದೆಂಬುದು ಆನಂದವರ್ಧನನ ಧ್ವನಿತತ್ತ್ವವನ್ನು ಓದಿದವರಿಗೆ ಹೊಸ ಮಾತಲ್ಲ.

ಮೂರನೆಯ ಒಂದು ಭಾಗದ ಸೂತ್ರದ ಬಗ್ಗೆ ಎರಡು ಮಾತು ಹೇಳಬೇಕಾಗಿದೆ. ಚೌಕಟ್ಟನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಮೂರು ಸಮಭಾಗ ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನಿಡಬೇಕೆಂದು ಇಂದಿನ ಪ್ರತಿಯೊಂದು ಕೈಪಿಡಿಯೂ ಉಪದೇಶಿಸುತ್ತದೆ. ಇದಕ್ಕೆ ಪುರಾತನ ಗ್ರೀಸಿನ ಪ್ರಾಮಾಣ್ಯವನ್ನು ಆರೋಪಿಸುವವರೂ ಇದ್ದಾರೆ. ಈ ಹೆಸರಿನ ಸೂತ್ರವನ್ನು ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್. 1797ರಲ್ಲಿ ಹಳ್ಳಿಗಾಡಿನ ದೃಶ್ಯಗಳನ್ನು ಕುರಿತು ಅವನು ಬರೆದ ಪುಸ್ತಕದಲ್ಲಿ. ಅಲ್ಲಿ ಅವನ ಗಮನವಿದ್ದದ್ದು ನೆಲಕ್ಕೂ ಆಕಾಶಕ್ಕೂ, ಬೆಳಕಿಗೂ ನೆರಳಿಗೂ ಇರಬೇಕಾದ ಪ್ರಮಾಣದ ಮೇಲೆ. ಎರಡನ್ನೂ ಸಮಪಾಲಾಗಿ ಇಡಬಾರದೆಂಬುದು ಅವನ ಅಭಿಪ್ರಾಯ. ಗೆರೆಗಳು ಕೂಡುವ ಬಿಂದುವಿನಲ್ಲಿ ಹಕ್ಕಿಯ ಕಣ್ಣನ್ನು ಕೂರಿಸುವ ಗಣಿತ ಅನಂತರದ ಬೆಳವಣಿಗೆ. ಹೊಸಬನಿಗೆ ಈ ಸೂತ್ರ ಒಳ್ಳೆಯ ಊರುಗೋಲು, ಸಂದೇಹವಿಲ್ಲ. ಆದರೆ ನಿಶ್ಚಲವಾದ ಕೆರೆಯಲ್ಲಿ ಬಿಂಬ ಪ್ರತಿಬಿಂಬಗಳೆರಡೂ ಸಮಾನವಾಗಿ ಮೂಡಿರುವಾಗ, ನೇರವಾಗಿ ದಿಟ್ಟಿಸುವ ಗೂಬೆಯ ಮುಖ ಎದುರಾದಾಗ, ಮಧ್ಯವೇ ಸರಿಯಾದ ಸ್ಥಾನ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯದ ವಿಚಾರ ಇಲ್ಲಿಗೆ ಸೂತ್ರಕ್ಕಿಂತ ಚೆನ್ನಾಗಿ ಒಪ್ಪುತ್ತದೆ: ಯಾವ ವಸ್ತು ಯಾವ ಸಂದರ್ಭದಲ್ಲಿ ಎಲ್ಲಿ ಒಪ್ಪುವುದೋ ಅಲ್ಲಿರಬೇಕು.

ನಿಸರ್ಗದೃಶ್ಯದಲ್ಲಿ ಪ್ರಾಣಿಯ ಅವಸರವಿಲ್ಲದ ಕಾರಣ ಕತ್ತರಿಯ ಅವಶ್ಯಕತೆ ಕಡಿಮೆಯಿರಬೇಕೆಂದು ತೋರುತ್ತದೆ. ಅನುಭವ ಬೇರೆ. ಅಲ್ಲಿ ಲೋಭ ಹೆಚ್ಚು, ಕಂಡದ್ದೆಲ್ಲ ಬೇಕೆನಿಸುತ್ತದೆ. ಹಂಪೆಯ ಮಾತಂಗ ಪರ್ವತದಿಂದ ಬೆಳಗಿನ ಜಾವ ತೆಗೆದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಬರಿಯ ಆಕಾಶವಿರುವುದು ಸಾಮಾನ್ಯ. ಮೋಡದ ವಿಶೇಷವಿಲ್ಲದ ಆಕಾಶವನ್ನು ಮೇಲಿನಿಂದ ಕತ್ತರಿಸಿ, ಅಚ್ಯುತರಾಯನ ದೇವಾಲಯವೂ ಅದರ ಮುಂದಣ ಬೀದಿಯ ಸಾಲುಮಂಟಪಗಳೂ ಬಂಡೆಗಳ ನಡುವೆ ಎದ್ದುಕಾಣುವಂತೆ ಮಾಡಿದರೆ ಅದೇ ಚಿತ್ರ ಬೇರೊಂದಾಗುತ್ತದೆ. ಜೋಗದಲ್ಲಿ ಸಮಸ್ಯೆ ತಿರುಗುಮುರುಗು. ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳನ್ನೂ ಒಳಗೊಂಡ ಅಗಲವಾದ ಚಿತ್ರದಲ್ಲಿ 253 ಮೀಟರಿನ ಆಳ ಕಾಣದೆ ಹೋಗುತ್ತದೆ. ರಾಜಾ ಧಾರೆಯೊಂದನ್ನೇ ನೀಳವಾಗಿ ಕತ್ತರಿಸಿದರೆ ಬೀಳುವಿಕೆಯ ರಭಸ ಬರುತ್ತದೆ. ಆದರೆ ಬಂಡೆಯ ಅಂಚಿನ ಗಿಡಮರಗಳನ್ನೂ ಕತ್ತರಿಸಿಬಿಟ್ಟರೆ ಅಳತೆಗೆ ಆಧಾರವೇ ಇಲ್ಲದೆ ಅದು ಹಿತ್ತಲ ಕಾಲುವೆಯ ಧುಮುಕಿನಂತೆಯೂ ಕಂಡೀತು. ಎತ್ತರವನ್ನು ತೋರಿಸಲು ಎತ್ತರವಾದುದೊಂದೇ ಸಾಲದು, ಪಕ್ಕದಲ್ಲಿ ಚಿಕ್ಕದೊಂದು ಬೇಕು.

ದಿಗಂತ ಓರೆಯಾಗಿದ್ದರೆ ನೇರಮಾಡುವುದು ಸುಲಭ, ಆದರೆ ಹಾಗೆ ತಿರುಗಿಸಿದಾಗ ನಾಲ್ಕು ಮೂಲೆಗಳು ನಷ್ಟವಾಗುತ್ತವೆ. ಆದುದರಿಂದ ತೆಗೆಯುವಾಗಲೇ ಸುತ್ತಲೂ ತುಸು ಸಡಿಲ ಬಿಡುವುದು ಜಾಣತನ. ಕತ್ತರಿಯಿಂದ ಆಗದ ಕೆಲಸಗಳೂ ಉಂಟು. ದಿಗಂತದ ಗೆರೆ ಕೊಕ್ಕರೆಯ ಕುತ್ತಿಗೆಯನ್ನು ಸೀಳಿಕೊಂಡು ಹೋಗಿದ್ದರೆ ಯಾವ ಕತ್ತರಿಕೆಯೂ ಅದನ್ನು ಸರಿಪಡಿಸಲಾರದು. ಅಲ್ಲಿ ಮಂಡಿಯೂರಿ ಕೂರಬೇಕಾಗಿತ್ತು. ಹತ್ತಿರ ದೂರಗಳ ಪರಸ್ಪರ ಪ್ರಮಾಣವನ್ನು ನಿರ್ಣಯಿಸುವುದು ಛಾಯಾಗ್ರಾಹಕ ನಿಂತ ಸ್ಥಳ. ಅದನ್ನು ಮನೆಯಲ್ಲಿ ಕುಳಿತು ಬದಲಾಯಿಸಲು ಬರುವುದಿಲ್ಲ.

ಲೆಕ್ಕವನ್ನೂ ಮರೆಯುವಂತಿಲ್ಲ. ಅಡ್ಡಕ್ಕೆ 6000, ಉದ್ದಕ್ಕೆ 4000 ಬಿಂದುಗಳುಳ್ಳ ಚಿತ್ರದಲ್ಲಿ ಒಟ್ಟು 2 ಕೋಟಿ 40 ಲಕ್ಷ ಬಿಂದುಗಳು. ಎರಡು ಬದಿಗಳನ್ನೂ ಅರ್ಧಕ್ಕಿಳಿಸಿದರೆ ಉಳಿಯುವುದು ಅರ್ಧವಲ್ಲ, ಕಾಲು ಭಾಗ. ಅಂದರೆ 60 ಲಕ್ಷ. ಅಂಗುಲಕ್ಕೆ 300 ಬಿಂದುಗಳ ಉತ್ತಮ ಮುದ್ರಣದಲ್ಲಿ ಇಡೀ ಚಿತ್ರ 20 ಅಂಗುಲ ಅಗಲ ಬರುವುದಾದರೆ ಈ ತುಂಡು 10 ಅಂಗುಲಕ್ಕೆ ನಿಲ್ಲುತ್ತದೆ. 400 ಮಿ.ಮೀ. ಮಸೂರದ ಚಿತ್ರವು ಹೀಗೆ 800 ಮಿ.ಮೀ. ಮಸೂರದ ನೋಟವನ್ನು ಕೊಡುವುದಾದರೂ, ಕೈನಡುಕವೂ ಮಸುಕೂ ಒರಟು ಕಣಗಳೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಹತ್ತಿರಕ್ಕೆ ಹೋಗಲು ಆಗದುದನ್ನು ಕತ್ತರಿ ಸ್ವಲ್ಪಮಟ್ಟಿಗೆ ತೀರಿಸಿಕೊಡುತ್ತದೆ, ಬಡ್ಡಿಯನ್ನೂ ವಸೂಲು ಮಾಡುತ್ತದೆ. ಹಾಗಿದ್ದರೂ ಗೂಡಿನಲ್ಲಿ ಕುಳಿತ ಹಕ್ಕಿಯ ವಿಷಯದಲ್ಲಿ ಈ ಬಡ್ಡಿಯನ್ನು ತೆರುವುದೇ ಮೇಲು. ಒಳ್ಳೆಯ ಚಿತ್ರದ ಆಸೆಯಿಂದ ನಾಲ್ಕು ಹೆಜ್ಜೆ ಮುಂದಿಟ್ಟು ಹಕ್ಕಿಯನ್ನು ಗೂಡಿನಿಂದ ಎಬ್ಬಿಸುವುದಕ್ಕಿಂತ ದೂರದಿಂದ ತೆಗೆದು ಕತ್ತರಿಸಿದ ಚಿತ್ರ ಹೆಚ್ಚು ಸಭ್ಯವಾದುದು.

ಇಷ್ಟರವರೆಗಿನದು ಅಂದದ ವಿಚಾರ. ಇದಕ್ಕಿಂತ ಕಠಿನವಾದ ಪ್ರಶ್ನೆಯೊಂದಿದೆ: ಕತ್ತರಿಸಿದ ಚಿತ್ರ ನಿಜವನ್ನು ಹೇಳುತ್ತದೆಯೆ?

ಗ್ರೇಟರ್ ನೋಯಿಡಾದ ಬಳಿಯ ಧನೌರಿ ಜೌಗಿನಲ್ಲಿ ಸಾರಸ ಪಕ್ಷಿಗಳಿವೆ. ಹಾರುವ ಪಕ್ಷಿಗಳಲ್ಲೆಲ್ಲ ಎತ್ತರವಾದ ಈ ಹಕ್ಕಿ ಜೋಡಿಯಾಗಿ ನಿಂತಾಗ ಹಿಂದೆ ಬಹುಮಹಡಿ ಕಟ್ಟಡಗಳ ಸಾಲು ಕಾಣುವ ಕೋನಗಳುಂಟು. ಕಟ್ಟಡಗಳನ್ನು ಮೇಲಿನಿಂದ ಕತ್ತರಿಸಿದರೆ ಹುಲ್ಲು, ನೀರು, ಸಾರಸ ಮಾತ್ರ ಉಳಿದು ಪುರಾಣಕಾಲದ ಶಾಂತಿ ನೆಲೆಸುತ್ತದೆ. ಚಿತ್ರ ಸುಂದರವಾಗುತ್ತದೆ, ಬಹುಮಾನವೂ ಬರಬಹುದು. ಆದರೆ ಆ ಜೌಗು ಯಾವ ಒತ್ತಡದ ನಡುವೆ ಉಳಿದಿದೆಯೆಂಬ ಸಂಗತಿಯನ್ನು ಹೇಳುವ ಸಾಕ್ಷಿ ಕತ್ತರಿಯ ಬಾಯಿಗೆ ಹೋಯಿತು. ಪೀತಮ್‌ಪುರಕ್ಕೆ ಸಮೀಪದ ಭಲಸ್ವಾ ಕೆರೆಯಲ್ಲಿಯೂ ಇದೇ ಧರ್ಮಸಂಕಟ: ಯಮುನೆಯ ಹಳೆಯ ಪಾತ್ರದ ಶೇಷವಾದ ಆ ನೀರಿನ ಮೇಲೆ ಹಕ್ಕಿಗಳು, ಹಿಂದೆ ನಗರದ ಕಸದ ಬೆಟ್ಟ. ಬಂಡೀಪುರದ ಹೆದ್ದಾರಿಯ ಪಕ್ಕದಲ್ಲಿ ನಿಂತ ಆನೆಯ ಚಿತ್ರದಿಂದ ಡಾಂಬರು ರಸ್ತೆಯನ್ನು ಕತ್ತರಿಸಿದರೆ ದಟ್ಟಕಾಡಿನ ಆನೆಯಾಗುತ್ತದೆ. ಆ ರಸ್ತೆಯಲ್ಲಿ 2009ರಿಂದ ರಾತ್ರಿಯ ವಾಹನ ಸಂಚಾರವನ್ನು ನಿರ್ಬಂಧಿಸಬೇಕಾಗಿ ಬಂದುದೇಕೆಂಬುದು ಆ ಚಿತ್ರ ನೋಡಿದವನಿಗೆ ಎಂದೂ ತಿಳಿಯದು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಣ ಹುಣಿಸೆ, ಆಲ, ಅತ್ತಿಯ ಮರಗಳಲ್ಲಿ ಗೂಡುಕಟ್ಟುತ್ತವೆ. ಅಲ್ಲಿನ ಚಿತ್ರದಿಂದ ಹೆಂಚಿನ ಮಾಡನ್ನು ಕತ್ತರಿಸುವವನು ಆ ಊರಿನ ವಿಶೇಷವನ್ನೇ ಕತ್ತರಿಸುತ್ತಾನೆ. ಅದೇ ಜಾತಿಯ ಕೊಕ್ಕರೆಗಳು ದೆಹಲಿಯ ಮೃಗಾಲಯದ ಕೊಳಗಳ ಮರಗಳಿಗೂ ಪ್ರತಿವರ್ಷ ತಾವಾಗಿಯೇ ಬಂದು ಮರಿಮಾಡುವುದನ್ನು ಇಲ್ಲಿಯ ಕನ್ನಡಿಗರು ನೋಡಿರಬಹುದು. ಬೋನಿನ ಹಕ್ಕಿಗಳಲ್ಲವಾದರೂ ಬೇಲಿಯನ್ನು ಕತ್ತರಿಸಿಬಿಟ್ಟರೆ ಆ ಸ್ವಾರಸ್ಯವೂ ಕಾಣುವುದಿಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳಾದ ಫಿಯಾಪ್, ಅಮೆರಿಕದ ಪಿ.ಎಸ್.ಎ. ಮತ್ತು ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು 2014ರಲ್ಲಿ ಒಟ್ಟಾಗಿ ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ಲಕ್ಷಣವಾಕ್ಯದಲ್ಲಿ ಈ ವಿಷಯವೇ ಬಂದಿದೆ. ಮನುಷ್ಯನ ಕುರುಹುಗಳು ಚಿತ್ರದಲ್ಲಿರಬಾರದು. ಆದರೆ ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ಕಥೆಯಲ್ಲಿ ಅವು ಅಂಗವಾಗಿದ್ದರೆ ಇರಬಹುದು ಎಂದು ಅದರ ಅಭಿಪ್ರಾಯ. ಉದಾಹರಣೆಗೆ ಅವರು ಹೆಸರಿಸಿರುವ ಜೀವಿಗಳಲ್ಲಿ ಕೊಕ್ಕರೆಯೂ ಒಂದೆಂಬುದು ಬೆಳ್ಳೂರಿನವರಿಗೆ ಸಂತೋಷದ ಸಂಗತಿ. ಚಿತ್ರದೊಳಗಿನ ವಸ್ತುವನ್ನು ಸೇರಿಸುವುದು, ಸರಿಸುವುದು, ಅಳಿಸುವುದು ಆ ನಿಯಮದಂತೆ ನಿಷಿದ್ಧ. ಕತ್ತರಿಕೆಗೆ ಮಾತ್ರ ಅನುಮತಿಯುಂಟು.

ಈ ಭೇದ ಸಣ್ಣದಲ್ಲ. ಕತ್ತರಿ ಮರೆಮಾಡಬಲ್ಲದು, ಆದರೆ ಇಲ್ಲದುದನ್ನು ಹುಟ್ಟಿಸಲಾರದು. 2023ರಿಂದೀಚೆಗೆ ಫೋಟೋಶಾಪ್‌ನಂಥ ಸಾಧನಗಳಲ್ಲಿ ಕತ್ತರಿಕೆಗೆ ತೀರ ವಿರುದ್ಧವಾದ ಸೌಕರ್ಯ ಬಂದಿದೆ: ಚೌಕಟ್ಟನ್ನು ಹೊರಕ್ಕೆ ಎಳೆದರೆ ಯಂತ್ರವೇ ಹುಲ್ಲನ್ನೂ ಆಕಾಶವನ್ನೂ ಕಲ್ಪಿಸಿ ತುಂಬುತ್ತದೆ, ತುಂಡಾದ ರೆಕ್ಕೆಗೆ ತುದಿಯನ್ನೂ ಕೊಡುತ್ತದೆ. ಆ ರೆಕ್ಕೆ ಯಾವ ಹಕ್ಕಿಯದೂ ಅಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಸ್ವಯಂಚಾಲಿತ ಕ್ಯಾಮರಾಗಳ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದಾಗ ಅದಕ್ಕೆ ಆಧಾರವಾದದ್ದು ಪ್ರತಿಯೊಂದು ಹುಲಿಯ ಪಕ್ಕೆಯ ಪಟ್ಟೆಗಳ ವಿನ್ಯಾಸ. ಅದು ಒಂದರಂತೆ ಇನ್ನೊಂದಕ್ಕಿಲ್ಲ. ಅಂಥ ಚಿತ್ರದಲ್ಲಿ ಹುಲಿಯ ಮುಖವನ್ನು ಬಿಟ್ಟು ಪಕ್ಕೆಯನ್ನು ಉಳಿಸಿದರೂ ಕೆಲಸ ನಡೆಯುತ್ತದೆ. ಅಂದಕ್ಕಾಗಿ ಪಕ್ಕೆಯನ್ನು ಕತ್ತರಿಸಿದರೆ ನಡೆಯುವುದಿಲ್ಲ. ಯಂತ್ರವು ಊಹಿಸಿ ಬರೆದ ಪಟ್ಟೆಗಳಂತೂ ಇಲ್ಲದ ಹುಲಿಯೊಂದನ್ನು ಲೆಕ್ಕಕ್ಕೆ ಸೇರಿಸಿಯಾವು.

ಆದಕಾರಣ ಕತ್ತರಿಸುವವನು ಪಾಲಿಸಬೇಕಾದ ಮೊದಲ ನಿಯಮ ಮೂಲಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇಡುವುದು. ಫಿಲ್ಮಿನ ಕಾಲದಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು. ಮುದ್ರಣವನ್ನು ಎಷ್ಟು ಬಗೆಯಾಗಿ ಕತ್ತರಿಸಿದರೂ ನೆಗೆಟಿವ್ ಪೂರ್ತಿಯಾಗಿ ಉಳಿದಿರುತ್ತಿತ್ತು. ಈಗ ಒಂದು ಅಜಾಗರೂಕ ಬೆರಳಿನ ಒತ್ತಿಗೆ ಮೂಲವೇ ಹೋಗಬಹುದು. ಎರಡನೆಯದು, ಚಿತ್ರವನ್ನು ಪ್ರಕಟಿಸುವಾಗ ಅಡಿಬರಹದಲ್ಲಿ ಸ್ಥಳವನ್ನೂ ತಿಂಗಳನ್ನೂ, ಹೊರಗೆ ಉಳಿದುದು ಕಥೆಗೆ ಮುಖ್ಯವಾಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸುವುದು: ‘ಧನೌರಿ, ಡಿಸೆಂಬರ್, ಹಿನ್ನೆಲೆಯ ವಸತಿ ಕಟ್ಟಡಗಳನ್ನು ಬಿಡಲಾಗಿದೆ’ ಎಂಬಷ್ಟು ಸಾಕು. ಗೂಡಿನ ಚಿತ್ರವಾದರೆ ಮಾತ್ರ ಸ್ಥಳವನ್ನು ಬರೆಯದಿರುವುದೇ ಲೇಸು. ನೋಡಲು ಬರುವವರೆಲ್ಲರೂ ದೂರದಲ್ಲಿಯೇ ನಿಲ್ಲುವವರಾಗಿರುವುದಿಲ್ಲ.